ಇಂಗ್ಲೆಂಡಿನ ಊರುಗಳ ಹೆಸರನ್ನು ಊರಿನವರಂತೆ ಹೇಳುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿಗೆ ಹೊಸದಾಗಿ ಬಂದವರು ಮಾರತ್ತಹಳ್ಳಿಯ ಇಂಗ್ಲಿಷ್ ಫಲಕವನ್ನು ‘ಮರಾಠಾಹಳ್ಳಿ’ ಎಂದು ಓದುತ್ತಾರೆ. ನಮಗೆ ನಗು ಬರುತ್ತದೆ. ಹಾಗೆಂದು ನಾವೇನೂ ಬರೆದಂತೆ ಹೇಳುವವರಲ್ಲ. ಬಸ್ಸಿನ ಕಂಡಕ್ಟರ್ ಕೂಗುವುದು ‘ಮಾರ್ತಳ್ಳಿ’ ಎಂದೇ. ತೀರ್ಥಹಳ್ಳಿ ಬಾಯಲ್ಲಿ ‘ತೀರ್ಥಳ್ಳಿ’ಯಾಗುತ್ತದೆ, ದೇವನಹಳ್ಳಿ ‘ದೇವ್ನಳ್ಳಿ’ಯಾಗುತ್ತದೆ. ಹಳ್ಳಿಯ ‘ಹ’ ಉಳಿದುಕೊಂಡಿರುವುದು ಕಾಗದದ ಮೇಲೆ ಮಾತ್ರ. ಇಂಗ್ಲೆಂಡಿನ ಊರುಗಳಿಗೆ ಆಗಿರುವುದೂ ಇದೇ. ಅಲ್ಲಿ ಇದು ಸಾವಿರ ವರ್ಷ, ದಯೆ ದಾಕ್ಷಿಣ್ಯವಿಲ್ಲದೆ ನಡೆದಿದೆ, ಅಷ್ಟೇ ವ್ಯತ್ಯಾಸ.

ಇಂಗ್ಲಿಷ್ ಊರುಗಳ ಹೆಸರಿಗೆ ನಿಯಮವೇ ಇಲ್ಲ, ಒಂದೊಂದನ್ನೂ ಬಾಯಿಪಾಠ ಮಾಡಬೇಕು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೆಸರನ್ನು ಮೊಟಕುಗೊಳಿಸುವಲ್ಲಿ ಆ ನಾಲಿಗೆಗಳಿಗೆ ಕೆಲವು ಖಾಯಂ ಚಾಳಿಗಳಿವೆ. ಅವನ್ನು ಗುರುತಿಸಿಕೊಂಡರೆ, ಎಂದೂ ಕಾಣದ ಊರಿನ ಫಲಕವನ್ನೂ ಬಹುಪಾಲು ಸರಿಯಾಗಿ ಊಹಿಸಬಹುದು. ಓದಲು ಹೋಗುವ ವಿದ್ಯಾರ್ಥಿಗಳು, ಕೆಲಸಕ್ಕೆ ಹೋದವರು, ಮಕ್ಕಳ ಮನೆಗೆಂದು ಆರು ತಿಂಗಳ ವೀಸಾ ಹಿಡಿದು ಹೊರಟ ಅಪ್ಪ ಅಮ್ಮಂದಿರು, ಕೌಂಟಿ ಕ್ರಿಕೆಟ್ ವರದಿ ಬರೆಯುವವರು ಎಲ್ಲರಿಗೂ ಇದು ಉಪಯೋಗಕ್ಕೆ ಬಂದೀತು.

ಹೊರಡುವ ಮುನ್ನ: ಇಲ್ಲಿ ಹೆಸರುಗಳನ್ನು ಬರೆದಿರುವ ಕ್ರಮ

ಫಲಕದಲ್ಲಿರುವುದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರೆ ನಮ್ಮವರ ಬಾಯಲ್ಲಿ ಬರುವ ರೂಪವನ್ನು ಮೊದಲು ಕೊಟ್ಟು, ಊರಿನವರು ಹೇಳುವ ರೂಪವನ್ನು ನಂತರ ಕೊಡುತ್ತೇನೆ. ಆಗ್ನೇಯ ಇಂಗ್ಲೆಂಡಿನಲ್ಲಿ ಪದದ ಕೊನೆಯ ‘ರ್’ ಕೇಳಿಸುವುದಿಲ್ಲ, ‘ಲೆಸ್ಟರ್’ ಅಲ್ಲಿ ‘ಲೆಸ್ಟ’ ಎಂದೇ ಮುಗಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ಅದೇ ‘ರ್’ ಗಟ್ಟಿಯಾಗಿ ಕೇಳಿಸುತ್ತದೆ. ಕನ್ನಡದ ನಾಲಿಗೆಗೆ ‘ರ್’ ಸಹಜ, ಅದನ್ನು ನುಂಗಲು ಒದ್ದಾಡಬೇಕಿಲ್ಲ. ಇನ್ನು ಇಂಗ್ಲಿಷಿನಲ್ಲಿ ಒತ್ತಿಲ್ಲದ, ಅಂದರೆ ದನಿಯ ಭಾರ ಬೀಳದ, ಜಾಗದಲ್ಲಿ ಬರುವ ಮಂಕು ಸ್ವರವೊಂದಿದೆ. ಅದಕ್ಕೆ ನಮ್ಮ ಹ್ರಸ್ವ ‘ಅ’ ತಕ್ಕಮಟ್ಟಿಗೆ ಹೊಂದುತ್ತದೆ. ‘ಎಡಿನ್‌ಬರ’ ಎಂದು ನಾನು ಬರೆದಾಗ ಕೊನೆಯ ‘ರ’ವನ್ನು ‘ಮರ’ದಲ್ಲಿರುವ ‘ರ’ದಂತೆ ಹಗುರಾಗಿ ಹೇಳಿ. ‘ಬರಾ’ ಎಂದು ಎಳೆಯಬೇಡಿ.

ಹೆಜ್ಜೆ 1: ಒತ್ತು ಎಲ್ಲಿದೆ ಎಂದು ಹುಡುಕಿ

ಇದೊಂದು ಕೈಗೆ ಬಂದರೆ ಅರ್ಧ ಕೆಲಸ ಮುಗಿಯಿತು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. ‘ಚಿಕ್ಕಮಗಳೂರು’ ಎಂದಾಗ ಯಾವ ಅಕ್ಷರವೂ ಇನ್ನೊಂದನ್ನು ತುಳಿಯುವುದಿಲ್ಲ. ಇಂಗ್ಲಿಷ್ ಹಾಗಲ್ಲ, ಒಂದು ಅಕ್ಷರಕ್ಕೆ ಇಡೀ ಉಸಿರನ್ನು ಕೊಟ್ಟು ಉಳಿದವನ್ನು ಬಾಡಲು ಬಿಡುತ್ತದೆ. ಊರಿನ ಹೆಸರುಗಳಲ್ಲಿ ಆ ಉಸಿರು ಸಾಮಾನ್ಯವಾಗಿ ಮೊದಲ ಅಕ್ಷರಕ್ಕೇ ಸಲ್ಲುತ್ತದೆ.

ಬಾಡಿದ ಅಕ್ಷರಗಳು ಕಾಲಕ್ರಮದಲ್ಲಿ ಉದುರಿಹೋದವು. ಬರಹ ಮಾತ್ರ ಉದುರಲಿಲ್ಲ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. 1086ರಲ್ಲಿ ತೆರಿಗೆಗಾಗಿ ಊರೂರಿನ ಲೆಕ್ಕ ಬರೆಸಿದರು. ಹಾಗೆ ಬರೆದವರಲ್ಲಿ ಅನೇಕರು ಫ್ರೆಂಚ್ ಮತ್ತು ಲ್ಯಾಟಿನ್ ಬಲ್ಲ ಗುಮಾಸ್ತರು. ಕಿವಿಗೆ ಬಿದ್ದ ಸ್ಯಾಕ್ಸನ್, ಅಂದರೆ ಹಳೆಯ ಇಂಗ್ಲಿಷ್, ಹೆಸರನ್ನು ತಮಗೆ ತೋಚಿದಂತೆ ಬರೆದುಕೊಂಡರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಇಟ್ಟ ಮೇಲಿನ ಎರಡು ಶತಮಾನಗಳಲ್ಲಿ ಸ್ಪೆಲಿಂಗ್ ಮೆಲ್ಲಗೆ ಹೆಪ್ಪುಗಟ್ಟಿತು, ನಾಲಿಗೆ ತನ್ನ ಪಾಡಿಗೆ ಮುಂದೆ ನಡೆಯಿತು. ಇಂದಿನ ಫಲಕಗಳಲ್ಲಿ ನಾವು ಓದುತ್ತಿರುವುದು ಬಹುತೇಕ ಹಳೆಯ ಬಾಯಿಗಳ ದಾಖಲೆ. ವೆಸ್ಟ್‌ಮಿನ್‌ಸ್ಟರ್ ಎಂಬುದರಲ್ಲಿ ಇಲ್ಲದ ‘ಇ’ಕಾರ ಸೇರಿಸಿ ‘ವೆಸ್ಟ್‌ಮಿನಿಸ್ಟರ್’ ಮಾಡಬೇಡಿ. ಅಲ್ಲಿ ಮಂತ್ರಿಗಳಿರುವುದು ನಿಜ, ಹೆಸರಿನಲ್ಲಿರುವುದು ಮಾತ್ರ ಮಠದ ಚರ್ಚು.

ಒತ್ತು ಮೊದಲಿಗೆ ಬೀಳದ ಊರುಗಳೂ ಇವೆ. ನಾರ್ಥಾಂಪ್ಟನ್, ಸೌತ್‌ಹ್ಯಾಂಪ್ಟನ್, ವುಲ್ವರ್‌ಹ್ಯಾಂಪ್ಟನ್ ಮೂರರಲ್ಲೂ ಭಾರ ಬೀಳುವುದು ‘ಹ್ಯಾಂಪ್’ ಭಾಗದ ಮೇಲೆ.  ಕಾರ್ನ್‌ವಾಲ್‌ನ ಪೆನ್‌ಜ್ಯಾನ್ಸ್‌ನಲ್ಲಿ ಎರಡನೆಯದರ ಮೇಲೆ. ಪೆನ್, ಟ್ರೆ, ಪೋಲ್ ಎಂದು ಶುರುವಾಗುವ ಕಾರ್ನ್‌ವಾಲ್ ಹೆಸರುಗಳು ಸ್ಯಾಕ್ಸನ್ ಮೂಲದವಲ್ಲ, ಹಳೆಯ ಕಾರ್ನಿಶ್ ಭಾಷೆಯವು. ಅವುಗಳಲ್ಲಿ ಒತ್ತು ಸಾಮಾನ್ಯವಾಗಿ ಹಿಂದಕ್ಕೆ ಸರಿಯುತ್ತದೆ.

ಹೆಜ್ಜೆ 2: ಬಾಲವನ್ನು ಕತ್ತರಿಸಿ

ನಮ್ಮಲ್ಲಿ ಹಳ್ಳಿ, ಪುರ, ಕೆರೆ, ಸಂದ್ರ ಇರುವಂತೆ ಅಲ್ಲಿಯೂ ಕೆಲವೇ ಬಾಲಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು ‘ಹ್ಯಾಮ್’. ಹಳೆಯ ಇಂಗ್ಲಿಷಿನಲ್ಲಿ ಮನೆ, ವಸತಿ ಎಂಬ ಅರ್ಥ. ಮಾರ್ತಳ್ಳಿಯ ‘ಹ’ ಹೋದ ದಾರಿಯಲ್ಲೇ ಇದರ ‘ಹ’ವೂ ಹೋಗಿದೆ, ಸ್ವರವೂ ಬಾಡಿ ಬರೀ ‘ಅಂ’ ಉಳಿದಿದೆ. ಬರ್ಮಿಂಗ್‌ಹ್ಯಾಮ್ ಊರಿನವರಿಗೆ ‘ಬರ್ಮಿಂಗಂ’, ನಾಟಿಂಗ್‌ಹ್ಯಾಮ್ ‘ನಾಟಿಂಗಂ’, ಡರ್‌ಹ್ಯಾಮ್ ‘ಡರಂ’. ಲಂಡನ್ನಿನಲ್ಲಿ ಕ್ಲ್ಯಾಪಂ, ಬ್ಯಾಲಂ, ಫುಲಂ. ಟಾಟೆನ್‌ಹ್ಯಾಮ್‌ನಲ್ಲಿ ನಡುವಿನ ಸ್ವರವೂ ಜಾರಿ ‘ಟಾಟ್ನಂ’. ಟ್ವಿಕೆನ್‌ಹ್ಯಾಮ್ ‘ಟ್ವಿಕ್ನಂ’, ಚೆಲ್ಟೆನ್‌ಹ್ಯಾಮ್ ‘ಚೆಲ್ಟ್ನಂ’. ಬೆಂಗಳೂರಿನ ಕನ್ನಿಂಗ್‌ಹ್ಯಾಮ್ ರಸ್ತೆಯನ್ನು ನಾವು ಪೂರ್ತಿ ಬಾಯಿ ತೆರೆದು ಹೇಳುತ್ತೇವೆ. ಆ ಹೆಸರಿನ ಇಂಗ್ಲಿಷರು ಹೇಳುವುದು ‘ಕನಿಂಗಂ’.

ಇಲ್ಲೊಂದು ಗುಂಡಿಯಿದೆ, ನೋಡಿಕೊಂಡು ದಾಟಿ. ‘ಹ್ಯಾಮ್’ನ ಹಿಂದಿನ ಅಕ್ಷರ ಟಿ ಆಗಿದ್ದರೆ, ಟಿ ಮತ್ತು ಎಚ್ ಅಕ್ಕಪಕ್ಕ ಬಂದು ‘ಥ’ದಂತೆ ಕಾಣುತ್ತದೆ. ಸ್ಟ್ರೆಟಂ, ಫೆಲ್ಟಂ, ಎಲ್ಟಂ ಎಂಬ ಲಂಡನ್ ಬಡಾವಣೆಗಳಲ್ಲಿ ಎಚ್ ಸತ್ತು ಬರೀ ‘ಟ’ ಉಳಿದಿದೆ. ಗ್ರ್ಯಾಂಥಂ ಎಂಬಲ್ಲಿ ಮಾತ್ರ ಬರಹವೇ ಗೆದ್ದು ‘ಥ’ ಆಗಿದೆ. ಎಸ್ ಮತ್ತು ಎಚ್ ಅಕ್ಕಪಕ್ಕ ಬಂದಾಗಲೂ ಬರಹವೇ ಗೆದ್ದಿದೆ: ಲೂಯಿಷಂ, ಹಾರ್ಷಂ.

ಉಳಿದ ಬಾಲಗಳನ್ನು ಬೇಗ ಮುಗಿಸೋಣ. ಫೋರ್ಡ್ ಬಂದರೆ ‘ಫರ್ಡ್’: ಆಕ್ಸ್‌ಫರ್ಡ್, ಬ್ರ್ಯಾಡ್‌ಫರ್ಡ್. ಮೌತ್ ಬಂದರೆ ‘ಮತ್’: ಪೋರ್ಟ್ಸ್‌ಮತ್, ಬೋರ್ನ್‌ಮತ್, ಪ್ಲಿಮತ್. ಟೈನ್‌ಮೌತ್ ಮಾತ್ರ ಪೂರ್ತಿ ಬಾಯಿ ಉಳಿಸಿಕೊಂಡಿದೆ. ಶೈರ್ ಎಂಬುದು ಬಾಲವಾದಾಗ ಎಂದೂ ‘ಶೈರ್’ ಅಲ್ಲ, ‘ಶರ್’ ಅಥವಾ ‘ಶಿಯರ್’: ಯಾರ್ಕ್‌ಶರ್, ಹ್ಯಾಂಪ್‌ಶರ್. ನಮ್ಮ ಪತ್ರಿಕೆಗಳು ದಶಕಗಳಿಂದ ‘ಶೈರ್’ ಎಂದೇ ಅಚ್ಚು ಹಾಕುತ್ತಾ ಬಂದಿವೆ. ಕ್ವೇ ಎಂದು ಕಾಣುವುದು ‘ಕೀ’: ಟೋರ್‌ಕೀ, ನ್ಯೂಕೀ. ಕೋಂಬ್ ಎಂಬುದು ಇಲ್ಫ್ರಕೂಮ್‌ನಲ್ಲಿ ‘ಕೂಮ್’, ಹೈ ವಿಕಂನಲ್ಲಿ ಬಾಡಿ ‘ಕಂ’.

ಬರೋ, ಬರ್ಗ್ ಎಂಬವುಗಳ ಬಳಿ ಸ್ವಲ್ಪ ನಿಲ್ಲಬೇಕು. ಬ್ರಿಟನ್ನಿನಲ್ಲಿ ಎರಡೂ ‘ಬರ’: ಪೀಟರ್‌ಬರ, ಸ್ಕಾರ್ಬರ, ಮಿಡಲ್ಸ್‌ಬರ, ಎಡಿನ್‌ಬರ. ಕೊನೆಯ ಜಿಎಚ್ ಅಲಂಕಾರಕ್ಕಿದೆ. ಈ ಗುಂಪಿನ ರತ್ನವೆಂದರೆ ನಮ್ಮ ವಿದ್ಯಾರ್ಥಿಗಳೂ ಓದಲು ಹೋಗುವ ವಿಶ್ವವಿದ್ಯಾಲಯದ ಊರು ಲಫ್‌ಬರ. ಅದರ ಸ್ಪೆಲಿಂಗ್ ಬಿಡಿಸಿ ನೋಡಿ: ಎಲ್, ನಂತರ ಒ-ಯು-ಜಿ-ಎಚ್, ಬಿ-ಒ-ಆರ್, ಮತ್ತೆ ಒ-ಯು-ಜಿ-ಎಚ್. ಒಂದೇ ನಾಲ್ಕಕ್ಷರ, ಒಂದೇ ಪದದಲ್ಲಿ, ಮೊದಲ ಸಲ ‘ಅಫ್’, ಎರಡನೆಯ ಸಲ ಬರೀ ‘ಅ’. ಇದನ್ನು ‘ಲೂಗಬರೂಗ’ ಎಂದು ಓದಿದ ಆಸ್ಟ್ರೇಲಿಯನ್ನನ ತಮಾಷೆ ಆ ಊರಿನವರಿಗೆ ಅಚ್ಚುಮೆಚ್ಚು. ಅದೇ ನಾಲ್ಕಕ್ಷರ ಹೀತ್ರೂ ಪಕ್ಕದ ಸ್ಲೌ ಎಂಬ ಊರಿನಲ್ಲಿ ‘ಔ’. ಅಲ್ಲಿಗೆ ಹೋಗುವ ಕನ್ನಡಿಗರು ‘ಸ್ಲೋ’ ಎಂದೋ ‘ಸ್ಲಫ್’ ಎಂದೋ ಹೇಳದಿದ್ದರೆ ಸಾಕು.

ಹೆಜ್ಜೆ 3: ಸೆಸ್ಟರ್ ಕುಟುಂಬ

ರೋಮನ್ನರು ಬಿಟ್ಟುಹೋದ ಕೋಟೆ, ದಂಡಿನ ನೆಲೆಗಳಿಗೆ ಸ್ಯಾಕ್ಸನ್ನರು ‘ಚೆಯಾಸ್ಟರ್’ ಎಂಬ ಬಾಲ ಹಚ್ಚಿದರು. ಲ್ಯಾಟಿನ್ನಿನ ‘ಕಾಸ್ಟ್ರ’ ಅದರ ಮೂಲ. ಈ ಒಂದೇ ಬಾಲ ಮೂರು ದಿಕ್ಕಿಗೆ ಒಡೆದಿದೆ. ಮ್ಯಾಂಚೆಸ್ಟರ್, ವಿಂಚೆಸ್ಟರ್, ಕೋಲ್ಚೆಸ್ಟರ್‌ಗಳಲ್ಲಿ ‘ಚ’ ಉಳಿದಿದೆ, ಬರೆದಂತೆಯೇ ಓದಿ. ಉತ್ತರದ ಲ್ಯಾಂಕಸ್ಟರ್, ಡಾಂಕಸ್ಟರ್, ಟ್ಯಾಡ್‌ಕಸ್ಟರ್‌ಗಳಲ್ಲಿ ‘ಕ’ ಬಂದಿದೆ. ಅಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದವರ ನಾಲಿಗೆಯ ಪ್ರಭಾವ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಮೂರನೆಯ ಗುಂಪಿನಲ್ಲಿ ನಾರ್ಮನ್ ಬಾಯಿ ‘ಚ’ವನ್ನು ‘ಸ’ ಮಾಡಿತು. ನಮ್ಮನ್ನು ಕಾಡುವುದು ಈ ಮೂರನೆಯದು.

ನಿಯಮ ಸರಳ. ಸಿ ಮತ್ತು ಅದರ ಮುಂದಿನ ಇ ಎರಡನ್ನೂ ಅಳಿಸಿಬಿಡಿ. ಉಳಿದದ್ದನ್ನು ಓದಿ. ಗ್ಲೌಸೆಸ್ಟರ್ ‘ಗ್ಲಾಸ್ಟರ್’ ಆಗುತ್ತದೆ. ಬಿಸೆಸ್ಟರ್ ‘ಬಿಸ್ಟರ್’, ವೋರ್ಸೆಸ್ಟರ್ ‘ವುಸ್ಟರ್’, ಲೀಸೆಸ್ಟರ್ ‘ಲೆಸ್ಟರ್’, ಆಲ್ಸೆಸ್ಟರ್ ‘ಆಲ್ಸ್ಟರ್’. ಟೌಸೆಸ್ಟರ್ ಅಡುಗೆಮನೆಯಲ್ಲಿ ಬ್ರೆಡ್ ಸುಡುವ ‘ಟೋಸ್ಟರ್’ ಜೊತೆ ಉಚ್ಚಾರದಲ್ಲಿ ಒಂದೇ. ಜಿಲ್ಲೆಯ ಹೆಸರಾದರೆ ಕೊನೆಗೆ ‘ಶರ್’ ಸೇರಿಸಿ: ಲೆಸ್ಟರ್‌ಶರ್, ಗ್ಲಾಸ್ಟರ್‌ಶರ್, ವುಸ್ಟರ್‌ಶರ್. ಸೂಪರ್ ಮಾರ್ಕೆಟ್ಟಿನ ಕಂದು ಬಾಟಲಿಯ ಸಾಸ್ ಬೇಕಾದರೆ ‘ವುಸ್ಟರ್ ಸಾಸ್’ ಎಂದು ಕೇಳಿದರೂ ಸಾಕು.

ಇದಕ್ಕೆ ಮುಖ್ಯ ಅಪವಾದ ಸೈರನ್‌ಸೆಸ್ಟರ್. ಹಿಂದೆ ಅದೂ ‘ಸಿಸಿಟರ್’ ಎಂದು ಚುಟುಕಾಗಿತ್ತು. ಅಕ್ಷರಸ್ಥರು ಹೆಚ್ಚಿ, ಫಲಕ ನೋಡಿ ಓದುವ ಪರಸ್ಥಳದವರು ಹೆಚ್ಚಿದಂತೆ ಬರೆದ ರೂಪವೇ ಬಾಯಿಗೆ ಮರಳಿತು. ಪಾಂಟಿಫ್ರ್ಯಾಕ್ಟ್ ಒಂದು ಕಾಲಕ್ಕೆ ‘ಪಮ್‌ಫ್ರಿಟ್’ ಆಗಿತ್ತು. ಡ್ಯಾವೆಂಟ್ರಿ ‘ಡೇನ್‌ಟ್ರಿ’ ಆಗಿತ್ತು. ಅಂದರೆ ಬರಹ ಯಾವಾಗಲೂ ಸೋಲುವುದಿಲ್ಲ, ಕೆಲವೊಮ್ಮೆ ನಿಧಾನವಾಗಿ ಗೆಲ್ಲುತ್ತದೆ. ತೀರ್ಥಳ್ಳಿಗೂ ಒಂದು ದಿನ ‘ಹ’ ಮರಳಿ ಬಂದೀತು.

ಈ ಪಾಠಕ್ಕೆ ಪುಕ್ಕಟೆ ಶಾಲೆಯೊಂದಿದೆ. ಹೀತ್ರೂ ವಿಮಾನ ನಿಲ್ದಾಣದಿಂದ ಲಂಡನ್ ನಡುವಿಗೆ ಹೋಗುವ ಪಿಕಡಿಲಿ ಮಾರ್ಗದ ಮೆಟ್ರೊ ಹತ್ತಿ, ಗೋಡೆಯ ಮೇಲಿನ ನಕ್ಷೆ ನೋಡುತ್ತಾ ಘೋಷಣೆಗೆ ಕಿವಿಗೊಡಿ. ಗ್ಲಾಸ್ಟರ್ ರೋಡ್ ಬರುತ್ತದೆ, ಆಮೇಲೆ ಲೆಸ್ಟರ್ ಸ್ಕ್ವೇರ್, ಅದಾದ ಮೇಲೆ ಕಾವೆಂಟ್ ಗಾರ್ಡನ್ ದಾಟಿದರೆ ‘ಹೋಬನ್’. ನಕ್ಷೆಯಲ್ಲಿ ‘ಹೋಲ್ಬೋರ್ನ್’ ಎಂದಿದ್ದದ್ದು ಧ್ವನಿವರ್ಧಕದಲ್ಲಿ ಹೇಗೆ ಕರಗುತ್ತದೆ ಎಂಬುದನ್ನು ಕಣ್ಣು ಕಿವಿ ಎರಡರಿಂದಲೂ ಒಟ್ಟಿಗೆ ಕಲಿಯಬಹುದು.

ಹೆಜ್ಜೆ 4: ‘ವ’ಕಾರ ಉಳಿಯುವುದು ಎಲ್ಲಿ, ಸಾಯುವುದು ಎಲ್ಲಿ

ವಿಚ್, ವಿಕ್ ಎಂದು ಕೊನೆಯಾಗುವ ಊರುಗಳಲ್ಲಿ ಡಬ್ಲ್ಯೂ ಕೆಲವೆಡೆ ಮಾತಾಡುತ್ತದೆ, ಕೆಲವೆಡೆ ಬಾಯಿ ಮುಚ್ಚಿಕೊಂಡಿರುತ್ತದೆ. ಇದಕ್ಕೂ ಒಂದು ಜಾಡು ಇದೆ. ಅದರ ಹಿಂದಿನ ವ್ಯಂಜನ ನೋಡಿ. ರ, ಲ, ನ, ಮ ಮುಂತಾದ ಮೃದು ವ್ಯಂಜನವಿದ್ದರೆ ‘ವ’ ಕರಗುತ್ತದೆ: ನಾರ್‌ವಿಚ್ ‘ನಾರಿಚ್’, ಹಾರ್‌ವಿಚ್ ‘ಹ್ಯಾರಿಚ್’, ಗ್ರೀನ್‌ವಿಚ್ ‘ಗ್ರೆನಿಚ್’, ವೂಲ್‌ವಿಚ್ ‘ವುಲಿಚ್’, ಡಲ್‌ವಿಚ್ ‘ಡಲಿಚ್’, ವೆಸ್ಟ್ ಬ್ರಾಮ್‌ವಿಚ್ ‘ವೆಸ್ಟ್ ಬ್ರಾಮಿಚ್’. ಕೊನೆಯ ಚಕಾರವನ್ನು ಅನೇಕರು ಜಕಾರದಂತೆ ‘ನಾರಿಜ್’, ‘ಗ್ರೆನಿಜ್’ ಎನ್ನುತ್ತಾರೆ. ಎರಡೂ ನಡೆಯುತ್ತದೆ. ಹಿಂದೆ ಟ, ಡ, ಸ ಇದ್ದರೆ ‘ವ’ ಗಟ್ಟಿಯಾಗಿ ನಿಲ್ಲುತ್ತದೆ: ನ್ಯಾಂಟ್‌ವಿಚ್, ಡ್ರಾಯ್ಟ್‌ವಿಚ್, ಸ್ಯಾಂಡ್‌ವಿಚ್, ಇಪ್ಸ್‌ವಿಚ್.

ವಿಕ್‌ಗೂ ಸುಮಾರಾಗಿ ಇದೇ ಲೆಕ್ಕ, ಆದರೆ ಇಲ್ಲಿ ಸಕಾರದ ಮುಂದೆಯೂ ‘ವ’ ಕರಗಬಹುದು. ವಾರ್‌ವಿಕ್ ‘ವಾರಿಕ್’, ಬರ್‌ವಿಕ್ ‘ಬೆರಿಕ್’, ಕೆಸ್‌ವಿಕ್ ‘ಕೆಜಿಕ್’, ಚಿಸ್‌ವಿಕ್ ‘ಚಿಜಿಕ್’, ಸ್ಮೆಥ್‌ವಿಕ್ ‘ಸ್ಮೆದಿಕ್’. ವಿಮಾನ ನಿಲ್ದಾಣದ ಗ್ಯಾಟ್‌ವಿಕ್ ಮಾತ್ರ ಟಕಾರದ ಬಲದಿಂದ ಪೂರ್ತಿ ಉಳಿದಿದೆ. ಉತ್ತರದ ಕೋಟೆಯೂರು ಆಲ್ನ್‌ವಿಕ್‌ನಲ್ಲಿ ಲಕಾರವೂ ಹೋಗಿ ‘ಆ್ಯನಿಕ್’. ಅಂದ ಹಾಗೆ, ವಾರಿಕ್ ವಿಶ್ವವಿದ್ಯಾಲಯ ಇರುವುದು ವಾರಿಕ್ ಊರಿನಲ್ಲಲ್ಲ, ಕಾವೆಂಟ್ರಿಯ ಅಂಚಿನಲ್ಲಿ. ಬಾಡಿಗೆ ಮನೆ ಹುಡುಕುವವರಿಗೆ ಉಚ್ಚಾರಣೆಗಿಂತ ಇದು ಮುಖ್ಯ.

ಇದೇ ಕುಲದ್ದು ಲಂಡನ್ನಿನ ಸೌತ್‌ವಾರ್ಕ್. ಅದು ‘ಸದರ್ಕ್’. ಅಲ್ಲಿಂದ ನದಿಯ ದಡ ಹಿಡಿದು ಪಶ್ಚಿಮಕ್ಕೆ ನಡೆದರೆ ಲ್ಯಾಂಬೆತ್ ಬರುತ್ತದೆ. ಅಲ್ಲಿನ ಮಾಜಿ ಮೇಯರ್, ಕಲಬುರಗಿ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ನೆಲೆಗೊಂಡ ಬಸವೇಶ್ವರರ ಪ್ರತಿಮೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ. 2015ರ ನವೆಂಬರ್ 14ರಂದು ಅನಾವರಣಗೊಂಡಿತು. ಅದನ್ನು ನೋಡಲು ಹೋಗುವ ಕನ್ನಡಿಗರು ಇಳಿಯಬಹುದಾದ ನಿಲ್ದಾಣ ವಾಕ್ಸ್‌ಹಾಲ್, ಉಚ್ಚಾರಣೆಯಲ್ಲಿ ‘ವಾಕ್ಸಾಲ್’. ಇಲ್ಲೂ ‘ಹ’ ಇಲ್ಲ. ಪ್ರತಿಮೆಯ ಮುಂದೆ ಹರಿಯುವುದು ‘ಥೇಮ್ಸ್’ ಅಲ್ಲ, ‘ಟೆಮ್ಸ್’. ಆ ಎಚ್ ಅನ್ನು ನಂತರದ ಕಾಲದ ಪಂಡಿತರು ಶಾಸ್ತ್ರೀಯವಾಗಿ ಕಾಣಲೆಂದು ಸೇರಿಸಿದ್ದು, ನದಿಗೆ ಅದರ ಗೊಡವೆಯಿಲ್ಲ.

ಹೆಜ್ಜೆ 5: ವೇಷ ಮರೆಸಿಕೊಂಡ ಸ್ವರಗಳು

ಬಾಲ ಸರಿಯಾದ ಮೇಲೂ ತಲೆಯ ಸ್ವರ ಕೈಕೊಡಬಹುದು. ಇ-ಆರ್ ಕೂಡಿದಾಗ ‘ಆರ್’ ಆಗುವ ಹಳೆಯ ಚಾಳಿ ಮುಖ್ಯವಾದದ್ದು. ನಾವು ‘ಸಾರ್ಜೆಂಟ್’ ಎಂದು ಬರೆಯುವುದು ಆ ಚಾಳಿಯ ಫಲವೇ, ಇಂಗ್ಲಿಷಿನಲ್ಲಿ ಅಲ್ಲಿರುವುದು ಇ. ಡರ್ಬಿ ಊರು ‘ಡಾರ್ಬಿ’. ಬರ್ಕ್‌ಶೈರ್ ‘ಬಾರ್ಕ್‌ಶರ್’, ಹರ್ಟ್‌ಫರ್ಡ್ ‘ಹಾರ್ಟ್‌ಫರ್ಡ್’, ಆಕ್ಸ್‌ಫರ್ಡ್‌ನ ಚರ್‌ವೆಲ್ ನದಿ ‘ಚಾರ್ವೆಲ್’. ಬೆಂಗಳೂರು ಡರ್ಬಿ ಕುದುರೆ ಪಂದ್ಯದ ಹೆಸರೂ 1780ರಲ್ಲಿ ಎಪ್ಸಂನಲ್ಲಿ ಆರಂಭವಾದ ಡಾರ್ಬಿ ಅರ್ಲನ ಪಂದ್ಯದಿಂದ ಬಂದದ್ದು. ನಮ್ಮಲ್ಲಿ ‘ಡರ್ಬಿ’ ಬೇರೂರಿಬಿಟ್ಟಿದೆ, ಹಾಗೇ ಇರಲಿ.

ರೀಡಿಂಗ್ ಎಂದು ಕಾಣುವ ಊರು ‘ರೆಡಿಂಗ್’. ಬರಿ ಎಂದು ಕಾಣುವ ಮ್ಯಾಂಚೆಸ್ಟರ್ ಪಕ್ಕದ ಊರು ‘ಬೆರಿ’. ರೂಯಿಸ್ಲಿಪ್ ‘ರೈಸ್ಲಿಪ್’, ಪ್ಲೇಸ್ಟೋ ‘ಪ್ಲಾಸ್ಟೋ’. ಇವಕ್ಕೆ ಉಪಯೋಗವಾಗುವ ನಿಯಮ ಕೊಡಲು ಆಗುವುದಿಲ್ಲ, ಹೋಗಬೇಕಾದ ಊರನ್ನಷ್ಟೇ ಕಲಿತುಕೊಳ್ಳಿ.

ಫ್ರೆಂಚ್ ವೇಷದ ಹೆಸರುಗಳು ಇನ್ನೊಂದು ಬಗೆಯ ಬಲೆ. ಫ್ರೆಂಚ್ ಕಲಿತವರೇ ಇವುಗಳಲ್ಲಿ ಬೇಗ ಬೀಳುತ್ತಾರೆ. ನಾರ್ಮನ್ನರು ತಂದ ಹೆಸರುಗಳನ್ನು ಇಂಗ್ಲಿಷರು ಅಗಿದು ಅಗಿದು ತಮ್ಮದಾಗಿಸಿಕೊಂಡಿದ್ದಾರೆ. ಹ್ಯಾಂಪ್‌ಶರ್‌ನ ‘ಬೊಲ್ಯೂ’ ಅಲ್ಲಿಯವರಿಗೆ ‘ಬ್ಯೂಲಿ’. ಲೆಸ್ಟರ್‌ಶರ್‌ನ ‘ಬೆಲ್ವ್ವಾರ್’ ಕೋಟೆ ‘ಬೀವರ್’. ಎಸೆಕ್ಸ್‌ನ ಥೇಡನ್ ಬ್ವಾ ‘ಥೇಡನ್ ಬಾಯ್ಸ್’. ನಾಜೂಕಾಗಿ ಫ್ರೆಂಚ್ ಉಚ್ಚರಿಸಿದರೆ ಟ್ಯಾಕ್ಸಿಯವನಿಗೆ ಅರ್ಥವಾಗುವುದಿಲ್ಲ.

ಹೆಜ್ಜೆ 6: ಊಹೆಗೆ ನಿಲುಕದವು

ಯಾವ ಜಾಡಿಗೂ ಸಿಗದ ಊರುಗಳು ಖಂಡಿತ ಇವೆ, ಅವುಗಳಲ್ಲಿ ನಾರ್ಫಕ್ ಜಿಲ್ಲೆಯದು ದೊಡ್ಡ ಪಾಲು. ವೈಮಂಡ್‌ಹ್ಯಾಮ್ ಅಲ್ಲಿ ‘ವಿಂಡಂ’. ಹ್ಯಾಪಿಸ್‌ಬರ್ಗ್ ‘ಹೇಸ್‌ಬರ’. ಕಾಸ್ಟೆಸಿ ‘ಕಾಸಿ’. ಹನ್‌ಸ್ಟ್ಯಾಂಟನ್ ಹಳಬರ ಬಾಯಲ್ಲಿ ‘ಹನ್‌ಸ್ಟನ್’. ಬೇರೆಡೆ ಲಿಯೋಮಿನ್‌ಸ್ಟರ್ ‘ಲೆಮ್‌ಸ್ಟರ್’, ಕಾರ್ನ್‌ವಾಲ್‌ನ ಮೌಸ್‌ಹೋಲ್ ‘ಮೌಜಲ್’, ಫೋವಿ ‘ಫಾಯ್’. ಲ್ಯಾಂಕಶರ್‌ನ ಬಾರ್ನೋಲ್ಡ್ಸ್‌ವಿಕ್ ಸುತ್ತಲಿನವರಿಗೆ ಬರೀ ‘ಬಾರ್ಲಿಕ್’. ಡೆವನ್‌ನ ವುಲ್ಫಾರ್ಡಿಸ್‌ವರ್ದಿ ‘ವುಲ್ಸರಿ’ ಆಗಿ ಎಷ್ಟು ಕಾಲವಾಯಿತೆಂದರೆ, ಅಲ್ಲಿಯ ರಸ್ತೆ ಫಲಕಗಳೇ ಚುಟುಕು ರೂಪವನ್ನು ಒಪ್ಪಿಕೊಂಡಿವೆ. ಬರಹ ಕೊನೆಗೂ ಸೋತು ಶರಣಾದ ಅಪರೂಪದ ಊರು ಅದು.

ಒಂದೇ ಸ್ಪೆಲಿಂಗ್, ಎರಡು ಊರು, ಎರಡು ಉಚ್ಚಾರಣೆ ಎಂಬ ತಂಟೆಯೂ ಇದೆ. ಕೆಂಟ್ ಜಿಲ್ಲೆಯದು ‘ಜಿಲಿಂಗಂ’, ಡಾರ್ಸೆಟ್‌ನದು ‘ಗಿಲಿಂಗಂ’. ನಾರ್ಫಕ್‌ನ ವಿಂಡಂ ಎಂಬ ಹೆಸರನ್ನು ಲೆಸ್ಟರ್‌ಶರ್‌ನಲ್ಲಿ ಹೇಳಬೇಡಿ, ಅಲ್ಲಿನದು ‘ವೈಮಂಡಂ’. ಇನ್ನು ನೆನ್ ನದಿ. ನಾರ್ಥಾಂಪ್ಟನ್‌ನಲ್ಲಿ ಅದು ‘ನೆನ್’, ಹರಿದು ಪೀಟರ್‌ಬರ ತಲುಪುವಷ್ಟರಲ್ಲಿ ‘ನೀನ್’. ನೀರು ಒಂದೇ, ಸ್ಪೆಲಿಂಗ್ ಒಂದೇ.

ಹೆಜ್ಜೆ 7: ಗಡಿ ದಾಟಿದರೆ ನಿಯಮ ಬದಲಿಸಿ

ವೇಲ್ಸ್‌ಗೆ ಹೋದರೆ ಕನ್ನಡಿಗರಿಗೆ ಉಸಿರಾಡಿದಂತಾಗುತ್ತದೆ. ಫಲಕಗಳು ಭಯಂಕರವಾಗಿ ಕಂಡರೂ ವೆಲ್ಷ್ ಭಾಷೆ ಬಹುಮಟ್ಟಿಗೆ ಬರೆದಂತೆ ಓದುವ ಭಾಷೆ. ಅದರ ಅಕ್ಷರಗಳ ಬೆಲೆ ಮಾತ್ರ ಬೇರೆ. ಡಬ್ಲ್ಯೂ ಅಲ್ಲಿ ಸ್ವರವೂ ಹೌದು, ‘ಉ’ ಅಥವಾ ‘ಊ’. ಒಂದೇ ಎಫ್ ಇದ್ದರೆ ‘ವ’, ಜೋಡಿ ಎಫ್ ಇದ್ದರೆ ‘ಫ’. ಜೋಡಿ ಡಿ ನಮ್ಮ ‘ದ’ಕ್ಕೆ ಹತ್ತಿರ. ಜೋಡಿ ಎಲ್ ಕಷ್ಟ: ನಾಲಿಗೆಯನ್ನು ‘ಲ’ದ ಜಾಗದಲ್ಲಿಟ್ಟು ಧ್ವನಿಯಿಲ್ಲದೆ ಗಾಳಿ ಊದಬೇಕು. ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಅಕ್ಷರಕ್ಕೆ. ಹೀಗೆ ಓದಿದರೆ ಕುಂಬ್ರಾನ್ ತಾನಾಗಿ ಬಾಯಿಗೆ ಬರುತ್ತದೆ, ಪಾಂಟಿಪ್ರೀದ್ ಸಹ. ಈ ಎರಡರಲ್ಲಿ ಮಾತ್ರ ಒತ್ತು ಕೊನೆಯ ಅಕ್ಷರಕ್ಕೆ.

ಸ್ಕಾಟ್ಲೆಂಡಿನಲ್ಲಿ ಇಷ್ಟು ಸುಖವಿಲ್ಲ. ಗ್ಲಾಸ್ಗೋ ಪಕ್ಕದ ಮಿಲ್ನ್‌ಗಾವಿ ‘ಮಲ್‌ಗೈ’, ಕರ್ಕ್‌ಕಡ್‌ಬ್ರೈಟ್ ‘ಕರ್ಕೂಬ್ರಿ’, ಗ್ಲಾಮಿಸ್ ‘ಗ್ಲಾಮ್ಸ್’. ಕಲ್ಜಿಯನ್ ಕೋಟೆ ‘ಕಲೇನ್’. ಇಲ್ಲಿ ಜೆಡ್ ಎಲ್ಲಿಂದ ಬಂತು ಎಂದರೆ, ಹಳೆಯ ಸ್ಕಾಟ್ಸ್ ಬರಹದಲ್ಲಿ ‘ಯೋಗ್’ ಎಂಬ ಅಕ್ಷರವೊಂದಿತ್ತು, ಅದರ ಧ್ವನಿ ‘ಯ’ಕ್ಕೆ ಹತ್ತಿರ. ಅಚ್ಚುಕೂಟದವರ ಬಳಿ ಆ ಅಕ್ಷರದ ಅಚ್ಚುಮೊಳೆ ಇರಲಿಲ್ಲ, ನೋಡಲು ಹತ್ತಿರವಿದ್ದ ಜೆಡ್ ಹಾಕಿಬಿಟ್ಟರು.

ಅಮೆರಿಕದಲ್ಲಿ ಇದೇ ಹೆಸರುಗಳು ಎದುರಾದರೆ ಮೊದಲಿನಿಂದ ಶುರು ಮಾಡಿ. ಮ್ಯಾಸಚೂಸೆಟ್ಸ್‌ನ ವುಸ್ಟರ್, ನ್ಯೂಯಾರ್ಕಿನ ಗ್ರೆನಿಚ್ ವಿಲೇಜ್ ಹಳೆಯ ಉಚ್ಚಾರಣೆಯನ್ನು ಉ‍ಳಿಸಿಕೊಂಡಿವೆ. ಅಲಬಾಮಾದಲ್ಲಿ ಮಾತ್ರ ‘ಬರ್ಮಿಂಗ್‌ಹ್ಯಾಮ್’ ಎಂದು ಪೂರ್ತಿ ಹೇಳಬೇಕು. ಕನೆಕ್ಟಿಕಟ್‌ನ ನದಿ ‘ಥೇಮ್ಸ್’ ಎಂದೇ ಹರಿಯುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ನಮ್ಮ ದೆಹಲಿಯ ಹೆಸರಿನ ಒಂದು ಊರಿದೆ. ಅಲ್ಲಿಯವರು ಅದನ್ನು ‘ಡೆಲ್‌ಹೈ’ ಎನ್ನುತ್ತಾರೆ. ನಮ್ಮ ಹೆಸರುಗಳಿಗೂ ಹೊರಗಡೆ ಇದೇ ಗತಿ.

ಹೆಜ್ಜೆ 8: ಖಚಿತ ಮಾಡಿಕೊಳ್ಳಿ, ಆದರೆ ಯಾರಿಂದ?

ಮೊಬೈಲಿನ ನಕ್ಷೆ ಮಾತನಾಡುತ್ತದೆಂದು ಅದನ್ನೇ ನಂಬಬೇಡಿ. ಯಂತ್ರದ ಧ್ವನಿ ಅನೇಕ ಸಲ ನಮ್ಮಂತೆಯೇ ಅಕ್ಷರ ಕೂಡಿಸಿ ಓದುತ್ತದೆ. ರೈಲು, ಮೆಟ್ರೊ ಘೋಷಣೆಗಳು ಅದಕ್ಕಿಂತ ಮೇಲು. ಸ್ಥಳೀಯ ರೇಡಿಯೋದ ಹವಾಮಾನ, ಸಂಚಾರ ವರದಿಗಳು ಇನ್ನೂ ಮೇಲು, ಏಕೆಂದರೆ ಅಲ್ಲಿ ತಪ್ಪಿದರೆ ಕೇಳುಗರು ಬಿಡುವುದಿಲ್ಲ. ಬಿಬಿಸಿ 1926ರಷ್ಟು ಹಿಂದೆಯೇ ಉಚ್ಚಾರಣೆಗೆಂದು ಸಲಹಾ ಸಮಿತಿ ನೇಮಿಸಿತ್ತು. ಉದ್ಘೋಷಕರೇ, ಅವರದ್ದೇ ದೇಶದಲ್ಲಿ, ಅವರದ್ದೇ ಊರುಗಳ ಹೆಸರಿಗೆ ಒದ್ದಾಡುತ್ತಿದ್ದರು ಎಂದರೆ ನಾವು ನಾಚಿಕೊಳ್ಳಬೇಕಾದ್ದಿಲ್ಲ.

ಊರಿನವರನ್ನೇ ಕೇಳುವುದು ಎಲ್ಲಕ್ಕಿಂತ ಒಳ್ಳೆಯದು, ಉತ್ತರ ಒಂದೇ ಇರುತ್ತದೆ ಎಂದುಕೊಳ್ಳಬೇಡಿ. ಶ್ರೂಸ್‌ಬರಿಯೋ ಶ್ರೋಸ್‌ಬರಿಯೋ ಎಂಬ ಜಗಳ ಆ ಊರಿನೊಳಗೇ ಇತ್ಯರ್ಥವಾಗಿಲ್ಲ. ದಕ್ಷಿಣದವರ ‘ನ್ಯೂಕಾಸಲ್’ ಅಲ್ಲಿಯವರಿಗೆ ‘ನ್ಯೂಕ್ಯಾಸಲ್’, ಒತ್ತೂ ‘ಕ್ಯಾ’ ಮೇಲೆ. ಇಂಥಲ್ಲಿ ನೀವು ಮಾಡಬೇಕಾದ್ದು ಇಷ್ಟೇ: ಉದುರಿದ ಅಕ್ಷರಗಳನ್ನು ಉದುರಿಸಿ, ಉಳಿದದ್ದನ್ನು ನಿಮ್ಮ ಸಹಜ ಧಾಟಿಯಲ್ಲಿ ಹೇಳಿ. ‘ಲೆಸ್ಟರ್’ ಎಂದು ಕನ್ನಡದ ಟಕಾರದಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಊರಿನವರ ರಾಗವನ್ನೇ ಅನುಕರಿಸಲು ಹೋದರೆ ಅಣಕಿಸಿದಂತೆ ಕೇಳಿಸುತ್ತದೆ.

ಹೆಜ್ಜೆ 9: ಕನ್ನಡದಲ್ಲಿ ಬರೆಯುವಾಗ

ಅನಿಲ್ ಕುಂಬ್ಳೆ 1995ರಲ್ಲಿ ನಾರ್ಥಾಂಪ್ಟನ್‌ಶರ್‌ಗೆ ಆಡಿ ಆ ಋತುವಿನಲ್ಲಿ 105 ವಿಕೆಟ್ ಕಿತ್ತರು, 2000ದಲ್ಲಿ ಲೆಸ್ಟರ್‌ಶರ್‌ಗೆ ಆಡಿದರು. ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಶರ್‌ಗೆ, ಮುಂದೆ ಲೆಸ್ಟರ್‌ಶರ್‌ಗೆ ಬೌಲಿಂಗ್ ಮಾಡಿದರು. ಕನ್ನಡದ ಕ್ರೀಡಾ ಪುಟಗಳಲ್ಲಿ ಇವೆಲ್ಲ ‘ಲೀಸೆಸ್ಟರ್‌ಶೈರ್’, ‘ಗ್ಲೌಸೆಸ್ಟರ್‌ಶೈರ್’ ಆಗಿಯೇ ಓಡಾಡಿವೆ. ಇದು ನನಗೆ ಸರಿಕಾಣುವುದಿಲ್ಲ. ಕೇಳಿದ್ದನ್ನು ಕೇಳಿದಂತೆ ಬರೆಯಬಲ್ಲ ಲಿಪಿ ನಮ್ಮ ಕೈಯಲ್ಲಿರುವಾಗ, ಇಂಗ್ಲಿಷರೇ ಉಚ್ಚರಿಸದೆ ಬಿಟ್ಟ ಅಕ್ಷರಗಳನ್ನು ನಾವೇಕೆ ಹೊರಬೇಕು?

ಆದರೂ ಹಟ ಬೇಡ. ಲಂಡನ್, ಕೇಂಬ್ರಿಜ್, ಡರ್ಬಿ ಎಂಬಂತೆ ಕನ್ನಡದಲ್ಲಿ ಬೇರೂರಿದ ರೂಪಗಳನ್ನು ಮುಟ್ಟಬೇಡಿ. ‘ಎಡಿನ್‌ಬರ್ಗ್’ ಕೂಡ ಈ ಸಾಲಿಗೆ ಸೇರಿದೆ ಎನ್ನುವವರಿದ್ದಾರೆ. ನಾನು ‘ಎಡಿನ್‌ಬರ’ ಬರೆಯುತ್ತೇನೆ. ಓದುಗರಿಗೆ ಹೊಸದಾದ ಊರಾದರೆ ಊರಿನವರ ಉಚ್ಚಾರಣೆಯನ್ನೇ ಬರೆದು, ಲೇಖನದಲ್ಲಿ ಒಮ್ಮೆ ಮಾತ್ರ ‘ಫಲಕದಲ್ಲಿ ಹೀಗಿರುತ್ತದೆ’ ಎಂದು ಸೂಚಿಸಿದರೆ ಸಾಕು.

ಹೆಜ್ಜೆ 10: ಕೇಳಿದ ಹೆಸರನ್ನು ನಕ್ಷೆಯಲ್ಲಿ ಹುಡುಕುವುದು

ಕಲಿತ ಮೇಲೆ ಉಲ್ಟಾ ತೊಂದರೆ ಶುರುವಾಗುತ್ತದೆ. ಮನೆ ಮಾಲೀಕರು ಫೋನಿನಲ್ಲಿ ‘ಬಿಸ್ಟರ್’ ಎನ್ನುತ್ತಾರೆ. ನೀವು ಕೇಳಿದಂತೆ ಟೈಪ್ ಮಾಡಿದರೆ ನಕ್ಷೆ ಎಲ್ಲಿಗೋ ಕರೆದೊಯ್ಯುತ್ತದೆ. ಆಗ ಮೇಲಿನ ಹೆಜ್ಜೆಗಳನ್ನು ಹಿಂದುಮುಂದಾಗಿ ನಡೆಯಿರಿ. ‘ಸ್ಟರ್’ ಎಂದು ಮುಗಿದರೆ ಸಿ-ಇ ಸೇರಿಸಿ ನೋಡಿ. ‘ಅಂ’ ಎಂದು ಮುಗಿದರೆ ಎಚ್-ಎ-ಎಂ. ‘ಇಚ್’, ‘ಇಕ್’ ಎಂದರೆ ನಡುವೆ ಡಬ್ಲ್ಯೂ ಅಡಗಿರಬಹುದು. ‘ಬರ’ ಎಂದರೆ ಬರೋ ಇದ್ದೀತು, ಬರ್ಗ್ ಇದ್ದೀತು, ಎರಡನ್ನೂ ಪ್ರಯತ್ನಿಸಿ.

ಇಷ್ಟೆಲ್ಲ ಮಾಡಿದರೂ ಟ್ಯಾಕ್ಸಿ ಕರೆಯುವಾಗ, ಪಾರ್ಸೆಲ್ ತರಿಸುವಾಗ, ಆಂಬ್ಯುಲೆನ್ಸ್‌ಗೆ ಫೋನ್ ಮಾಡುವಾಗ ಊರಿನ ಹೆಸರನ್ನೊಂದೇ ನೆಚ್ಚಬೇಡಿ. ಪೋಸ್ಟ್‌ಕೋಡ್ ಹೇಳಿ, ಅಥವಾ ಕೇಳಿ ಬರೆದುಕೊಳ್ಳಿ. ಜಿಲಿಂಗಂನ ಕೋಡ್ ಎಂ-ಇ ಎಂದು, ಗಿಲಿಂಗಂನದು ಎಸ್-ಪಿ ಎಂದು ಆರಂಭವಾಗುತ್ತದೆ. ಅದನ್ನು ಅಕ್ಷರ ಅಕ್ಷರವಾಗಿಯೇ ಓದಬೇಕು.